ಕೆ.ಆರ್. ಪೇಟೆ ಬಸ್ಸಿಗೆ ಕಾದ ಪ್ರಿನ್ಸಿಪಾಲರು

ಅರವತ್ತರ ದಶಕದಲ್ಲಿ ಪಾಂಡವಪುರದ ನಮ್ಮ ಕಾಮರ್ಸ್ ಕಾಲೇಜಿನ ಪ್ರಿನ್ಸಿಪಾಲರು, ಜವಾನನಿದ್ದರೂ ಪರೀಕ್ಷೆಯ ಗಂಟೆಯನ್ನು ತಾವೇ ಹೊಡೆಯುತ್ತಿದ್ದರು. ಕೊನೆಯ ವರ್ಷದ ಪರೀಕ್ಷೆಯ ದಿನವೇ ಕೆ.ಆರ್. ಪೇಟೆಯಿಂದ ಬರುವ ನಮ್ಮ ಬಸ್ಸು ಕೆಟ್ಟು ನಿಂತಿತು. ಗಂಟೆಯಾದ ಮೇಲೆ ಬಂದವರನ್ನು ಒಳಗೆ ಬಿಡುವಂತಿರಲಿಲ್ಲ. ಒಂದು ವರ್ಷ ಹೋಯಿತೆಂದು ಅಳುತ್ತಲೇ ಓಡಿದೆ. ಚಿಂತೆ ಮಾಡುವುದರಲ್ಲಿ ನಾನು ಆಗಲೇ ಫಸ್ಟ್ ಕ್ಲಾಸು.

ಪ್ರಿನ್ಸಿಪಾಲರು ಸುತ್ತಿಗೆ ಹಿಡಿದು, ಇನ್ನೂ ಗಂಟೆ ಹೊಡೆಯದೆ ನಿಂತಿದ್ದರು. ಮೈಸೂರಿನಿಂದ ಬಂದಿದ್ದ ಪರಿವೀಕ್ಷಕರು ಸಿಡುಕಿದರು: "ಅರ್ಧ ಗಂಟೆ ತಡ! ಯಾರ್ರೀ ಜವಾಬ್ದಾರಿ?"

"ನಾನೇ ಅಂತ ಬರ್ಕಳಿ ಸ್ವಾಮಿ. ಬಸ್ಸು ಕೆಟ್ರೆ ಐಕ್ಳು ಯಾಕೆ ಫೇಲಾಗ್ಬೇಕು?" ಎಂದವರೇ ನನ್ನತ್ತ ತಿರುಗಿದರು. "ಅಳೋದ್ ಬುಟ್ಟು ಒಳೀಕ್ ಓಗ್ಲಾ!"

ನಾವೆಲ್ಲ ಪಾಸಾದೆವು. ಅವರಿಗೆ ಮೇಲಿನಿಂದ ಮೆಮೋ ಬಂತು. ಅದನ್ನವರು ನೋಟೀಸ್ ಬೋರ್ಡಿನಲ್ಲಿ, ನಮ್ಮ ಫಲಿತಾಂಶದ ಪಕ್ಕದಲ್ಲೇ, ಸ್ವಂತ ಕೈಯಿಂದ ಅಂಟಿಸಿದರು.