ಓಲಾಳ ಅಡ್ಡಹೆಸರು

ಮನೆಯಿಂದ ಎರಡು ಕಿಲೋಮೀಟರ್ ಆಚೆ ಕಾಲಿಡಬಾರದು ಎಂದು ಸರಕಾರ ಹೇಳಿದ್ದ ದಿನಗಳವು. ನಿಮಗೂ ನೆನಪಿರಬೇಕು: ಅಂಗಡಿಯ ಮುಂದೆ ದೂರ ದೂರ ನಿಂತ ಜನ, ಅಂಗೈ ಒಣಗಿಸುವ ಸ್ಯಾನಿಟೈಸರಿನ ಘಾಟು, ಬಾಗಿಲಲ್ಲೇ ಒರೆಸಿ ಒಳಗೆ ತಂದ ಹಾಲಿನ ಡಬ್ಬಿ. ಆ ವಸಂತವನ್ನು ಎಲ್ಲರೂ ಭಯದ ಕಾಲವೆಂದೇ ನೆನೆಯುತ್ತಾರೆ. ನನಗೆ ಮಾತ್ರ ಅದು ಹೊಟ್ಟೆಕಿಚ್ಚಿನ ಕಾಲ. ಹನ್ನೊಂದು ವರ್ಷದ ಹುಡುಗಿಯೊಬ್ಬಳ ಹೊಟ್ಟೆಯಲ್ಲಿ ಎಷ್ಟು ಕಿಚ್ಚು ಹಿಡಿಸುತ್ತದೆ ಎಂಬುದು ನನಗೆ ತಿಳಿದದ್ದೇ ಆಗ.

ನಾವು ಧಾರವಾಡದಿಂದ ಬಂದು ಎರಡು ವರ್ಷವಾಗಿತ್ತು. ಲೂಕನ್ ಎಂಬ ಐರಿಶ್ ಊರಿನಲ್ಲಿ, ನಡುಗೋಡೆ ಹಂಚಿಕೊಂಡ ಜೋಡಿಮನೆಗಳ ಸಾಲಿನಲ್ಲಿ ನಮ್ಮದೊಂದು ಬಾಡಿಗೆ ಮನೆ. ಅಮ್ಮನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಅಪ್ಪ ಮಲಗುವ ಕೋಣೆಯನ್ನೇ ಆಫೀಸು ಮಾಡಿಕೊಂಡಿದ್ದ. ಚಳಿಗಾಲದಲ್ಲಿ ಮೂರು ತಿಂಗಳಿಗೆಂದು ಬಂದಿದ್ದ ಅಜ್ಜಿ, ಅಂದರೆ ಅಪ್ಪನ ತಾಯಿ, ವಿಮಾನಗಳು ನಿಂತದ್ದರಿಂದ ನಮ್ಮಲ್ಲೇ ಸಿಕ್ಕಿಕೊಂಡಳು. ಅಪ್ಪ ಚಿಂತೆಯಲ್ಲಿ ಟಿಕೆಟ್ಟಿಗಾಗಿ ಫೋನು ಮಾಡುತ್ತಿದ್ದರೆ ನಾನು ಒಳಗೊಳಗೇ ಕುಣಿಯುತ್ತಿದ್ದೆ. ಶಾಲೆ ಇಲ್ಲ, ನೆಂಟರಿಲ್ಲ, ಅಜ್ಜಿ ಪೂರ್ತಿ ನನ್ನವಳು ಎಂದುಕೊಂಡಿದ್ದೆ.

ಆದರೆ ಶಾಲೆ ಮನೆಗೇ ಬಂತು. ಬೆಳಗಿನಿಂದ ಮಧ್ಯಾಹ್ನದವರೆಗೆ ನಾನು ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ. ಅಜ್ಜಿ ಹಿತ್ತಲಿನಲ್ಲಿ, ಸೀರೆಯ ಮೇಲೆ ಸ್ವೆಟರು ತೊಟ್ಟು, ಬಿಸಿಲು ಸರಿದಂತೆಲ್ಲ ಪ್ಲಾಸ್ಟಿಕ್ ಕುರ್ಚಿ ಸರಿಸಿಕೊಳ್ಳುತ್ತ ಕೂತಿರುತ್ತಿದ್ದಳು. ಹಿತ್ತಲಿಗೂ ಪಕ್ಕದ ಹಿತ್ತಲಿಗೂ ನಡುವೆ ಹಲಗೆಯ ಬೇಲಿ. ಅದರಾಚೆ ಓಲಾ.

ಓಲಾ ನನ್ನದೇ ತರಗತಿಯ ಹುಡುಗಿ. ಪೋಲೆಂಡಿನವರು. ಅವಳ ಅಮ್ಮ ವೃದ್ಧರ ಆರೈಕೆ ಮನೆಯೊಂದರಲ್ಲಿ ಅಡುಗೆ ಮಾಡುತ್ತಿದ್ದಳು. ಅಪ್ಪ ದೇಶದಿಂದ ದೇಶಕ್ಕೆ ಲಾರಿ ಓಡಿಸುವವನು, ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ. ಹಗಲೆಲ್ಲ ಹುಡುಗಿ ಒಬ್ಬಳೇ. ಅವಳ ಇಂಟರ್ನೆಟ್ಟು ಹೋಗಿ ಬಂದು ಮಾಡುತ್ತಿದ್ದುದರಿಂದ ಅರ್ಧ ಪಾಠಕ್ಕೆ ಅವಳು ಇರುತ್ತಿರಲಿಲ್ಲ. ಆ ಹೊತ್ತಿನಲ್ಲೆಲ್ಲ ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದಳು.

ಮೊದಲ ದಿನ ನಡುವೆ ನಿಂತು ಮಾತು ದಾಟಿಸಿದವಳು ನಾನೇ.

"ಈ ಹುಡುಗಿ ಯಾರವಾ? ಹೆಸರೇನ?" ಎಂದು ಅಜ್ಜಿ ಕೇಳಿದಳು.

"ಓಲಾ."

"ಅಡ್ಡಹೆಸರು?"

ಅವಳ ಮನೆತನದ ಆ ಹೆಸರನ್ನು ಹೇಳಲು ನನಗೆ ಬರುತ್ತಿರಲಿಲ್ಲ. ನಮ್ಮ ಟೀಚರಿಗೂ ಬರುತ್ತಿರಲಿಲ್ಲ. ಹಾಜರಿ ಕರೆಯುವಾಗ ಅವರು "ಓಲಾ ಜಿ" ಎಂದು ಮುಗಿಸುತ್ತಿದ್ದರು. ಓಲಾ ಬೇಲಿಯ ಮೇಲೆ ಗದ್ದವಿಟ್ಟು ನಿಧಾನವಾಗಿ ಹೇಳಿದಳು: "ಗ್ಝೆಗ್ಝೂವ್ಕ."

ಅಜ್ಜಿ ಒಂದೇ ಸಲಕ್ಕೆ, ಹೆಚ್ಚುಕಡಿಮೆ ಸರಿಯಾಗಿಯೇ ಹೇಳಿಬಿಟ್ಟಳು. ಓಲಾ ಬಾಯಿ ತೆರೆದು ನೋಡಿದಳು. ಅಜ್ಜಿ ನನ್ನ ಡಬ್ಬಿಯಿಂದ ಸೀಮೆಸುಣ್ಣ ತರಿಸಿಕೊಂಡು ಬೇಲಿಯ ಹಲಗೆಯ ಮೇಲೆ ಆ ಹೆಸರನ್ನು ಕನ್ನಡದಲ್ಲಿ ಬರೆದಳು. ಪೋಲಿಷ್‌ನಲ್ಲಿ ಒಂಬತ್ತು ಅಕ್ಷರ ಹಿಡಿಯುವ ಹೆಸರು ನಮ್ಮ ಒತ್ತಕ್ಷರಗಳಲ್ಲಿ ಮೂರೇ ಅಕ್ಷರಕ್ಕೆ ಮುಗಿದುಹೋಯಿತು. "ಇಷ್ಟೇನಾ?" ಎಂದು ಓಲಾ ನಕ್ಕಳು. ಆ ಹಲಗೆಯ ಮುಂದೆ ನಿಂತು ಫೋನಿನಲ್ಲಿ ತನ್ನ ಫೋಟೋ ತೆಗೆದುಕೊಂಡಳು. ನನ್ನ ಹೆಸರನ್ನು ಅಜ್ಜಿ ಎಲ್ಲಿಯೂ ಬರೆದಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗ.

ಒಂದು ವಾರವಾಗುವಷ್ಟರಲ್ಲಿ ಅವರಿಬ್ಬರಿಗೆ ನಾನು ಬೇಕಾಗಲಿಲ್ಲ. ಅಜ್ಜಿ ಕನ್ನಡದಲ್ಲೇ ಮಾತಾಡುತ್ತಿದ್ದಳು, ಓಲಾ ತನ್ನ ಭಾಷೆಯಲ್ಲೋ ಇಂಗ್ಲಿಷಿನಲ್ಲೋ. ಅರ್ಥವಾಗದಿದ್ದರೆ ಇಬ್ಬರೂ ನಗುತ್ತಿದ್ದರು. ಓಲಾ ಅಜ್ಜಿಯನ್ನು "ಬಾಬ್ಚಾ" ಎಂದು ಕರೆಯತೊಡಗಿದಳು, ಅವರ ಕಡೆ ಅಜ್ಜಿಗೆ ಹಾಗೆನ್ನುತ್ತಾರಂತೆ. ನಾನು ಮೇಲಿನ ಕಿಟಕಿಯಿಂದ ಒಂದು ಕಣ್ಣು ಭಿನ್ನರಾಶಿಯ ಮೇಲೆ, ಒಂದು ಕಣ್ಣು ಬೇಲಿಯ ಮೇಲೆ ಇಟ್ಟುಕೊಂಡು ಉರಿಯುತ್ತಿದ್ದೆ.

ಒಂದು ದಿನ ಓಲಾ ಉಪ್ಪಿನಲ್ಲಿ ಹಾಕಿಟ್ಟ ಸೌತೆಕಾಯಿಯ ಬಾಟಲಿ ತಂದು ಬೇಲಿಯ ಮೇಲಿಟ್ಟು ಹಿಂದೆ ಸರಿದು ನಿಂತಳು. ಅಜ್ಜಿ ಮುಚ್ಚಳ ತೆಗೆದು ಮೂಸಿದಳು.

"ಯವ್ವಾ, ಸಬ್ಬಸಗಿ!" ಎಂದು ಕೂಗಿದ್ದು ನನ್ನ ಪಾಠದಲ್ಲಿದ್ದ ಮಕ್ಕಳಿಗೆಲ್ಲ ಕೇಳಿಸಿತು. ನಮ್ಮ ಧಾರವಾಡದ ಸಂತೆಯ ಸಬ್ಬಸಿಗೆ ಸೊಪ್ಪು ಅವರ ಬಾಟಲಿಯೊಳಗೆ ಸಿಕ್ಕಿತ್ತು. ಆ ಸಂತೋಷಕ್ಕೆ ಮರುದಿನ ಅಜ್ಜಿ ಓಲಾಗೆ ರೊಟ್ಟಿ ಕೊಟ್ಟಳು. ಆ ದಿನಗಳಲ್ಲಿ ಜೋಳದ ಹಿಟ್ಟು ಎಲ್ಲೂ ಸಿಗುತ್ತಿರಲಿಲ್ಲ. ಊರಿಂದ ತಂದ ಹಿಟ್ಟು ತಳ ಕಂಡಿತ್ತು. ತಲೆಗೊಂದು ರೊಟ್ಟಿ, ಮೇಲೆ ಬೆಣ್ಣೆ, ಶೇಂಗಾ ಚಟ್ನಿ. ನನ್ನ ತಟ್ಟೆಗೆ ಅರ್ಧ ಬಂತು.

"ಇನ್ನರ್ಧ?"

"ಪಾಪ, ಆಕಿ ಮುಂಜಾನಿಂದ ಬರೇ ಬ್ರೆಡ್ ತಿಂದಾಳ. ನಿನಗ ಅನ್ನ ಐತಲ್ಲ."

ನಾನು ಆ ಅರ್ಧವನ್ನೂ ತಿನ್ನಲಿಲ್ಲ. ಅಜ್ಜಿ ಅದನ್ನೂ ಓಲಾಗೆ ಕೊಟ್ಟುಬಿಟ್ಟಳು!

ಅದೇ ಹೊತ್ತಿಗೆ ಟೀಚರ್ ಒಂದು ಕೆಲಸ ಹಚ್ಚಿದರು. ಪ್ರತಿಯೊಬ್ಬರೂ ತಮ್ಮ ಅಡ್ಡಹೆಸರು ಎಲ್ಲಿಂದ ಬಂತು ಎಂದು ಮನೆಯಲ್ಲಿ ವಿಚಾರಿಸಿ ಬಂದು ಹೇಳಬೇಕು. ಐರಿಶ್ ಮಕ್ಕಳಿಗೇನು, ಹೆಸರಿನ ಪ್ರಕಾರ ಒಬ್ಬ ಹಳೆಯ ದೊರೆಯ ಮೊಮ್ಮಗ, ಒಬ್ಬಳು ಕಮ್ಮಾರನ ಮಗಳು. ಓಲಾಳ ಸರದಿ ಬಂದಾಗ ಅವತ್ತು ಅವಳ ಇಂಟರ್ನೆಟ್ಟೂ ಕೈಕೊಡಲಿಲ್ಲ.

"ನನ್ನ ಹೆಸರಿನ ಅರ್ಥ ಕೋಗಿಲೆ. ಈಗ ಪೋಲೆಂಡಿನಲ್ಲಿ ಎಲ್ಲರೂ ಬೇರೆ ಪದ ಹೇಳ್ತಾರೆ, ಇದು ಹಳೇ ಕಾಲದ್ದು. ಉಕ್ತಲೇಖನದಲ್ಲಿ ಮಕ್ಕಳನ್ನ ತಪ್ಪಿಸೋಕೆ ಟೀಚರುಗಳು ಈ ಪದ ಕೊಡ್ತಾರೆ, ಅದಕ್ಕೇ ಅಲ್ಲಿ ಎಲ್ಲರಿಗೂ ಇದರ ಮೇಲೆ ಕೋಪ," ಎಂದಳು. ಎಲ್ಲರೂ ನಕ್ಕರು. "ನಮ್ಮ ತಾತನ ಹಿರೀಕರಲ್ಲಿ ಯಾರೋ ಚೆನ್ನಾಗಿ ಹಾಡ್ತಿದ್ದರಂತೆ. ಇಲ್ಲಾ ಹೇಳಿದ್ದನ್ನೇ ಹೇಳ್ತಿದ್ದರೇನೋ, ಸರಿಯಾಗಿ ಯಾರಿಗೂ ಗೊತ್ತಿಲ್ಲ. ನಮ್ಮ ಮನೆಯವರನ್ನ ಬಿಟ್ಟು ಇನ್ನೊಬ್ಬ ಗ್ಝೆಗ್ಝೂವ್ಕನನ್ನ ತಾತ ಈವರೆಗೂ ನೋಡಿಲ್ಲ. ಈ ದೇಶದಲ್ಲಿ ಅಮ್ಮ, ನಾನು. ಅಪ್ಪ ಲಾರಿ ತಗೊಂಡು ಬಂದರೆ ಮೂರು ಜನ."

ಇಡೀ ದೇಶಕ್ಕೆ ಮೂರು ಜನ! ಯಾರಿಗೂ ಹೇಳಲು ಬಾರದ, ಹಕ್ಕಿಯ ಅರ್ಥದ, ಮೂರೇ ಜನರ ಹೆಸರು. ಟೀಚರ್ ಅವತ್ತು ಮೊದಲ ಬಾರಿಗೆ ಅದನ್ನು ಪೂರ್ತಿ ಹೇಳಲು ಕಲಿತರು. ಪರದೆಯ ಮೇಲಿನ ಪುಟ್ಟ ಪುಟ್ಟ ಚೌಕಗಳಲ್ಲಿ ಎಲ್ಲ ಬಾಯಿಗಳೂ ಗ್ಝೆಗ್ಝೂವ್ಕ, ಗ್ಝೆಗ್ಝೂವ್ಕ ಎಂದು ಅಲುಗಾಡುತ್ತಿದ್ದವು. ನನ್ನದೊಂದು ಬಾಯಿ ಬಿಟ್ಟು.

ಮುಂದಿನ ಸರದಿ ನನ್ನದು. ಶಾಲೆಯಲ್ಲಿ ನಾನು ಶಾಲ್ಮಲಾ ಮಹಾಂತೇಶ. "ಅದು ನಮ್ಮಪ್ಪನ ಹೆಸರು. ಅಷ್ಟೇ," ಎಂದೆ. ಹಿಂದಿನ ರಾತ್ರಿ ಅಪ್ಪನನ್ನು ಕೇಳಿದ್ದಾಗ ಅವನು ಹೇಳಿದ್ದೂ ಅಷ್ಟೇ.

"ಗ್ರ್ಯಾಂಡ್, ಶಾಲೂ, ಅದೂ ಗ್ರ್ಯಾಂಡೇ," ಎಂದರು ಟೀಚರ್, ಸಮಾಧಾನದ ದನಿಯಲ್ಲಿ.

ಆಗ ಓಲಾ ಕೈಯೆತ್ತಿದಳು. ಅವಳ ಮುಖದಲ್ಲಿ ನನಗೆ ಸಹಾಯ ಮಾಡುವ ಉತ್ಸಾಹ. "ಟೀಚರ್, ಶಾಲೂಗೆ ಇನ್ನೊಂದು ಹೆಸರಿದೆ. ಬಳ್ಳೊಳ್ಳಿ! ಬಾಬ್ಚಾ ನನಗೆ ಹೇಳಿದರು. ಹಾಗಂದ್ರೆ ಗಾರ್ಲಿಕ್."

ಯಾವುದೋ ಚೌಕದಲ್ಲಿ ಯಾರೋ ಕಿಸಕ್ಕೆಂದರು. ನಾನು ಲ್ಯಾಪ್‌ಟಾಪು ಮುಚ್ಚಿದೆ.

ಮಕ್ಕಳು ನಕ್ಕದ್ದು ನನಗೆ ಅಷ್ಟು ಚುಚ್ಚಲಿಲ್ಲ. ನನ್ನ ಹೆಸರು ನನಗಿಂತ ಮೊದಲು ಅವಳಿಗೆ ಗೊತ್ತಾಗಿತ್ತು. ನಾನು ಮೆಟ್ಟಿಲಿಳಿದು ಹಿತ್ತಲಿಗೆ ಓಡಿದೆ.

"ನಮ್ಮ ಅಡ್ಡಹೆಸರು ಬಳ್ಳೊಳ್ಳಿ ಏನ?"

ಅಜ್ಜಿ ಬೆಳ್ಳುಳ್ಳಿಯನ್ನೇ ಸುಲಿಯುತ್ತಿದ್ದಳು. "ಹೌದಲ್ಲವಾ."

"ಆಕಿಗೆ ಯಾಕ ಹೇಳಿದಿ? ನನಗ್ಯಾಕ ಹೇಳಲಿಲ್ಲ?"

"ಆಕಿ ಕೇಳಿದಳು. ಗಡ್ಡಿ ತೋರಿಸಿ ಹೇಳಿದೆ. ನೀ ಯಾವಾಗ ಕೇಳಿದಿ?"

ನಾನು ಜೋರಾಗಿ ಅಳತೊಡಗಿದೆ. ಅಪ್ಪ ಹೆಡ್‌ಫೋನು ಕೊರಳಿಗೆ ಹಾಕಿಕೊಂಡೇ ಕೆಳಗೆ ಬಂದ.

"ಯವ್ವಾ, ಅದನ್ನ ಯಾಕ ಹುಡುಗೀಗೆ ಹೇಳಾಕ ಹೋದಿ?" ಎಂದ. "ಹಾಸ್ಟೆಲ್‌ನ್ಯಾಗ ನನಗ ಏನೇನು ಅಂದಾರ ಅಂತ ನಿನಗೇನು ಗೊತ್ತು? ನಾ ಬಂದಕೂಡಲೇ ಮೂಗು ಮುಚ್ಚಿಕೊಳ್ಳೋರು. ಅದಕ್ಕ ತಗದು ಹಾಕಿದೆ."

"ನೀ ತಗದಿ. ಅದನ್ನ ಇಟ್ಟಾಕಿನ್ನ ಕೇಳಿ ತಗದೀ ಏನ?"

ಅಜ್ಜಿ ಸಿಟ್ಟಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ನನ್ನನ್ನು ಪಕ್ಕಕ್ಕೆಳೆದುಕೊಂಡು ಕತೆ ಹೇಳಿದಳು. ಅಜ್ಜನ ಅಜ್ಜಿ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಹೊಲವನ್ನು ಮೈದುನರು ಇಟ್ಟುಕೊಂಡರು. ಅವಳು ಬೆಳ್ಳುಳ್ಳಿಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಸಂತೆಯಿಂದ ಸಂತೆಗೆ ನಡೆದು ಮೂರು ಮಕ್ಕಳನ್ನು ಸಾಕಿದಳು. ಊರಿನವರು ಅವಳನ್ನು ಬಳ್ಳೊಳ್ಳಿ ಯಲ್ಲವ್ವ ಎಂದರು. ಮಕ್ಕಳು ದೊಡ್ಡವರಾದ ಮೇಲೆ ಗಂಡಸರ ಮನೆಹೆಸರು ಬಿಟ್ಟು ತಾಯಿಯದ್ದನ್ನೇ ಇಟ್ಟುಕೊಂಡರು.

"ನಮ್ಮ ಕಡೆ ಉಳ್ಳಾಗಡ್ಡಿ ಅದಾರ, ಮೆಣಸಿನಕಾಯಿ ಅದಾರ. ಅವೆಲ್ಲ ಯಾಪಾರದಿಂದ ಬಂದಿದ್ದು. ನಮ್ಮೂರಾಗ ಒಬ್ಬ ಹೆಣಮಗಳಿಂದ ಬಂದಿದ್ದು ನಮ್ಮದೊಂದ," ಎಂದಳು.

ಅಪ್ಪ ಅಡುಗೆಮನೆಯ ಹೊಸ್ತಿಲಲ್ಲಿ ನಿಂತೇ ಕೇಳಿಸಿಕೊಂಡ. ಅವನಿಗೂ ಅದು ಪೂರ್ತಿ ಗೊತ್ತಿರಲಿಲ್ಲವೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಹೆಡ್‌ಫೋನು ಮತ್ತೆ ಕಿವಿಗೇರಿಸಿಕೊಂಡು ಮೇಲೆ ಹೋದ.

ಕತೆ ಚೆನ್ನಾಗಿತ್ತು. ಆದರೆ ಅದು ಸೊಗಸಾಗಿದ್ದಷ್ಟೂ ನನ್ನ ಹೊಟ್ಟೆ ಹೆಚ್ಚು ಉರಿಯಿತು. ಹಕ್ಕಿಯ ಹೆಸರೂ ಅವಳಿಗೇ, ನಮ್ಮ ಹೆಸರೂ ಮೊದಲು ಅವಳಿಗೇ.

ಮೇ ತಿಂಗಳಲ್ಲಿ ಓಲಾಳ ಅಮ್ಮನಿಗೆ ಕೊರೋನಾ ಬಂತು. ತಾಯಿ ಮಗಳು ಬಾಗಿಲು ಹಾಕಿಕೊಂಡರು. ನಮ್ಮಮ್ಮ ಅವರ ಸಾಮಾನು ತಂದು ಹೊಸ್ತಿಲಲ್ಲಿಟ್ಟು ಬರುತ್ತಿದ್ದಳು. ಬೇಲಿಯ ಬಳಿ ಈಗ ಯಾರೂ ಇಲ್ಲ. ಅಜ್ಜಿ ನನಗೆ ಸಿಕ್ಕಳು. ಪಾಠ ಮುಗಿಸಿ ಓಡಿಬಂದು ಅವಳ ಕಾಲ ಬಳಿ ಕೂತರೆ ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಚೌಕಾಬಾರಾ ಆಡುತ್ತಿದ್ದಳು. ಆದರೆ ಕವಡೆಯ ಬದಲಿಗೆ ಇಟ್ಟುಕೊಂಡಿದ್ದ ಹುಣಸೆಬೀಜಗಳನ್ನು ಎಸೆದು, ಎಷ್ಟು ಬಿತ್ತೆಂದು ನೋಡುವ ಬದಲು ಪಕ್ಕದ ಮನೆಯ ಮೇಲಿನ ಕಿಟಕಿ ನೋಡುತ್ತಿದ್ದಳು.

"ಅಜ್ಜಿ, ನಾಕು ಬಿತ್ತು."

"ಹ್ಞೂಂ. ಆಕಿ ಉಂಡಳೋ ಇಲ್ಲೋ."

ಒಂದು ಸಂಜೆ ಆ ಕಿಟಕಿ ತೆರೆದು ಓಲಾ ಕೈಬೀಸಿದಳು. "ಬಾಬ್ಚಾ, ಅಮ್ಮ ಎದ್ದು ಸೂಪ್ ಕುಡಿದಳು!" ಎಂದು ಇಂಗ್ಲಿಷಿನಲ್ಲಿ ಕೂಗಿದಳು. ಅಜ್ಜಿ ನನ್ನ ಕಡೆ ತಿರುಗಿದಳು. ತಿಂಗಳಾದ ಮೇಲೆ ಮತ್ತೆ ಮಾತು ದಾಟಿಸುವ ಕೆಲಸ ನನಗೆ ಬಿದ್ದಿತ್ತು. ಹೇಳಿದೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ನೆಮ್ಮದಿಯಾಯಿತು, ಸುಳ್ಳಲ್ಲ. ಆದರೆ ನನಗೆ ಜ್ವರ ಬಂದಾಗ ಅಜ್ಜಿ ಹೀಗೆ ಅತ್ತಿದ್ದಳೇ ಎಂದು ಆಗಲೂ ಲೆಕ್ಕ ಹಾಕಿದೆ.

ಬೇಸಿಗೆಯಲ್ಲಿ ವಿಶೇಷ ವಿಮಾನದಲ್ಲಿ ಅಜ್ಜಿಗೆ ಜಾಗ ಸಿಕ್ಕಿತು. ಹೊರಡುವ ದಿನ ನನ್ನನ್ನು ತಬ್ಬಿಕೊಂಡಳು. ಓಲಾಳನ್ನು ತಬ್ಬುವಂತಿರಲಿಲ್ಲ, ಬೇಲಿಯ ಮೇಲಿಂದ ದೂರದಲ್ಲೇ ಅವಳ ಕೆನ್ನೆಯ ಕಡೆ ಕೈಚಾಚಿ ನೆಟಿಕೆ ಮುರಿದಳು. ತಬ್ಬಿದ್ದಕ್ಕಿಂತ ಅದೇ ಹೆಚ್ಚೆನಿಸಿತು ನನಗೆ.

ಮರುವರ್ಷ ಓಲಾಳ ಮನೆಯವರು ಪೋಲೆಂಡಿಗೆ ಮರಳಿದರು. ನಾನು ಅವಳ ನಂಬರು ಕೇಳಲಿಲ್ಲ. ಆದರೆ ಪ್ರತಿ ಭಾನುವಾರ ಫೋನಿನಲ್ಲಿ ಅಜ್ಜಿಯ ಮೊದಲ ಮಾತು ಅದೇ: "ಓಲಾ ಹೆಂಗದಾಳ?" ಅವಳು ಪೋಲೆಂಡಿಗೆ ಹೋದಳು ಎಂದುಬಿಟ್ಟಿದ್ದರೆ ಅಜ್ಜಿಯ ಮಾತೇ ಅಲ್ಲಿಗೆ ಮುಗಿದುಹೋಗುತ್ತಿತ್ತು. ಅವಳಿಗೆ ಕಿವಿ ಮಂದವಾಗಿತ್ತು, ಬೇಗ ದಣಿಯುತ್ತಿದ್ದಳು, "ಇಡ್ತೀನವಾ" ಎನ್ನುತ್ತಿದ್ದಳು. ಹಾಗಾಗಿ ನಾನು ಓಲಾಳನ್ನು ಪಕ್ಕದ ಮನೆಯಲ್ಲೇ ಉಳಿಸಿಕೊಂಡೆ. ಓಲಾ ಸೈಕಲ್ಲಿನಿಂದ ಬಿದ್ದಳು, ಓಲಾ ಕೂದಲು ಕತ್ತರಿಸಿಕೊಂಡಳು, ಓಲಾಳ ಅಪ್ಪ ಲಾರಿ ಮಾರಿ ಮನೆಗೆ ಬಂದ. ಅಜ್ಜಿ ಕೇಳುತ್ತ ಕೂರುತ್ತಿದ್ದಳು. ನನ್ನ ಸುದ್ದಿಗಿಂತ ನಾನೇ ಹೆಣೆದ ಅವಳ ಸುದ್ದಿ ಉದ್ದವಾಗುತ್ತಿತ್ತು.

ಈಗ ಆ ಮನೆಯಲ್ಲಿ ನಾವಿಲ್ಲ. ಅಪ್ಪ ಅಮ್ಮ ಅಲ್ಲೇ ಹತ್ತಿರದ ಆಡಮ್ಸ್‌ಟೌನಿನಲ್ಲಿ ಮನೆ ಕೊಂಡರು. ಅಲ್ಲಿಯ ಹಿತ್ತಲಿಗೆ ಇಟ್ಟಿಗೆಯ ಗೋಡೆ, ಆಚೆ ಯಾರಿದ್ದಾರೆಂದು ಕಾಣುವುದಿಲ್ಲ. ರೊಟ್ಟಿ ಬಡಿಯಲು ನನಗೆ ಬರುವುದಿಲ್ಲ. ಅಜ್ಜಿಯ ಅಡುಗೆ, ಅವಳ ಅರ್ಧ ಹಾಡುಗಳು, ಊರಿನ ಎಷ್ಟೋ ಕತೆಗಳು ಕೇಳುವವರಿಲ್ಲದೆ ಅವಳೊಂದಿಗೇ ಹೋದವು. ಕೇಳಿದವಳು ಒಬ್ಬಳಿದ್ದಳು, ಅವಳಿಗೆ ಕನ್ನಡ ಬರುತ್ತಿರಲಿಲ್ಲ.

ತೀರಿಹೋಗುವ ಕೆಲವು ವಾರ ಮೊದಲು ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಊರಿನಲ್ಲಿ ಅವಳ ಜೊತೆಗಿದ್ದ ಅತ್ತೆ, ಅಂದರೆ ಅಪ್ಪನ ಅಕ್ಕ, ಫೋನನ್ನು ಅವಳ ಕಿವಿಗೆ ಹಿಡಿದರು. ನಾನು ಅಜ್ಜಿ ಎಂದೆ. ತೆಳ್ಳಗಿನ ದನಿ ಬಂತು.

"ಯಾರವಾ, ಓಲಾ ಏನ?"

ಹೊಟ್ಟೆಯೊಳಗೆ ಆ ಹಳೆಯ ಕಿಚ್ಚು ಮತ್ತೆ ಎದ್ದಿತು. ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ಮಾತು ಮುಂದುವರಿಸಿದ್ದಳು, ಅಂದು ಹಿತ್ತಲಿನಲ್ಲಿ ನಾನು ಮೇಲಿನ ಕಿಟಕಿಯಿಂದ ಕೇಳಿಸಿಕೊಳ್ಳಲಾರದಷ್ಟು ಮೆಲ್ಲಗೆ ಮಾತಾಡುತ್ತಿದ್ದಂತೆ.

"ನಮ್ಮ ಶಾಲೂ ಇನ್ನೂ ಮ್ಯಾಲ ಕ್ಲಾಸಿನ್ಯಾಗ ಅದಾಳ. ಆಕಿ ಕೆಳಗ ಬರೂತನಾ ನಿನ್ನ ಕೂಡ ಕುಂದರತೀನಿ. ಎಷ್ಟೊತ್ತಾತು, ಇನ್ನೂ ಬರಲಿಲ್ಲ ನೋಡು. ಉಂಡಿಲ್ಲ ಕೂಸು."

ನಾನು ಅಲ್ಲ ಎನ್ನಲಿಲ್ಲ. ಅತ್ತೆ ಫೋನು ತೆಗೆಯುವವರೆಗೂ ಓಲಾ ಆಗಿಯೇ ಉಳಿದು, ಅಜ್ಜಿ ನನಗಾಗಿ ಕಾಯುವುದನ್ನು ಕೇಳುತ್ತ ನಿಂತೆ.