ಧಾರವಾಡ ಟೀಮಿನ ನಾಲ್ಕನೇ ನಂಬರ್, ನಮ್ಮ ಸುಶೀಲಜ್ಜಿ

ಫ್ರೆಂಡ್ಸ್...
ನಮ್ಮ ಸಿಡ್ನಿಯ ಪೆಂಡಲ್ ಹಿಲ್ ಸುಶೀಲಜ್ಜಿ ಇನ್ನಿಲ್ಲವಂತೆ.

ಬೆಳಿಗ್ಗೆ ಅವರ ಮೊಮ್ಮಗಳು ನಿಧಿ ಫೋನ್ ಮಾಡಿ "ಅಂಕಲ್... ಅಜ್ಜಿ ಇಸ್ ಗಾನ್" ಅಂದಳು.
"ಎಲ್ಲಿಗೆ ಪುಟ್ಟಿ? ನಿನ್ನ ಮ್ಯಾಚಿಗಾ?" ಅಂದೆ ನಾನು.
ಆಮೇಲೆ ಅವಳ ಅಪ್ಪ ಫೋನ್ ತಗೊಂಡರು. ನಿದ್ದೆಯಲ್ಲೇ ಹೋದರಂತೆ.

ಹೆಂಗಸು ಮೊನ್ನೆ ತಾನೇ ನನ್ನನ್ನು ಬೈದಿದ್ದರು... ನಂಬುವುದು ಹೇಗೆ ಹೇಳಿ.

ಅಳು ಬರಬೇಕಿತ್ತು. ಬರಲಿಲ್ಲ.
ವ್ಯಾನಿಗೆ ಡೀಸೆಲ್ ಹಾಕಿಸಿದೆ. ಮುಂದಿನ ಗ್ಲಾಸ್ ಒರೆಸಿದೆ.
ಒರೆಸಿದ್ದನ್ನೇ ಮತ್ತೆ ಒರೆಸಿದೆ...
ಈ ಗ್ರೂಪಿನಲ್ಲಿ ದಿನಾ ಜೋಕ್ ಹಾಕುವವನು ನಾನೇ. ಇವತ್ತು ಒಂದೂ ಇಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಸುಶೀಲಜ್ಜಿ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿದವರು. ಧಾರವಾಡ ಟೀಮ್. ನಾಲ್ಕನೇ ನಂಬರ್.
ನಿಧಿ ಈಗ ಅವಳ ಯೂನಿವರ್ಸಿಟಿ ಟೀಮಿನಲ್ಲಿ ಆಡುತ್ತಾಳೆ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಸಾಲಿನಲ್ಲೇ ಕೂರುವುದು.
"ಏ ಕುದುರಿ ಬಾಲದಾಕಿ! ಕೈ ಎತ್ತ... ಕೈ ಎತ್ತ!"
ನಿಧಿಯ ಟೀಮಿನ ಆ ಆಸ್ಟ್ರೇಲಿಯನ್ ಹುಡುಗಿಗೆ ಕನ್ನಡ ಎಲ್ಲಿ ಬರಬೇಕು? ಆದರೂ ಕೈ ಎತ್ತುತ್ತಿದ್ದಳು...

ಆ ಕಾಲದಲ್ಲಿ ಧಾರವಾಡಕ್ಕೆ ಹಗೆ ಅಂದರೆ ಬೆಳಗಾವಿ ಟೀಮ್.
ಅವರ ಏಳನೇ ನಂಬರ್ ಶಾಂತಜ್ಜಿ. ಈಗ ಮೆಲ್ಬರ್ನಿನಲ್ಲಿ, ಟಾರ್ನೀಟ್‌ನ ಮಗನ ಮನೆಯಲ್ಲಿದ್ದಾರೆ.
ಐವತ್ತು ವರ್ಷದ ಮೇಲೆ ಇಬ್ಬರೂ ಎದುರಾಗಿದ್ದು ಮೆಲ್ಬರ್ನಿನ ಒಂದು ಯುಗಾದಿ ಊಟದಲ್ಲಿ. ನಾನು ಅಲ್ಲೇ ಹೋಳಿಗೆ ಬಡಿಸುತ್ತಿದ್ದೆ.

"ನೀ ಬೆಳಗಾವಿ ಏಳನೇ ನಂಬರ್ ಅಲ್ಲಾ?" ಅಂದರು ನಮ್ಮಜ್ಜಿ.
"ಹೌದ. ನೀ ಧಾರವಾಡ ನಾಕನೇ ನಂಬರ್. ಸೀಟಿ ಊದಿದ ಮ್ಯಾಲೆ ಬಾಲ್ ಹಾಕಿದಾಕಿ."
"ಸೀಟಿಗಿಂತ ಮೊದಲ ಒಳಗ ಹೋಗಿತ್ತದು!"
"ನಿನ್ನ ಕಣ್ಣಿಗೆ ಹೋಗಿತ್ತು!"

ಹೋಳಿಗೆ ಆರಿಹೋಯಿತು. ಜಗಳ ಆರಲಿಲ್ಲ.
ಆ ಮ್ಯಾಚನ್ನು ಬೆಳಗಾವಿ ಒಂದೇ ಪಾಯಿಂಟಿನಲ್ಲಿ ಗೆದ್ದಿತ್ತು. ಆ ಬಾಲ್ ಲೆಕ್ಕಕ್ಕೆ ಹಿಡಿದಿದ್ದರೆ ಧಾರವಾಡ ಗೆಲ್ಲುತ್ತಿತ್ತು. ಅಷ್ಟೇ ವಿಷಯ...

ಸಿಡ್ನಿ ಮೆಲ್ಬರ್ನ್ ನಡುವೆ ದಿನಸಿ ವ್ಯಾನ್ ಓಡಿಸುವ ನಿಮ್ಮ ಬಸ್ಯಾನೇ ಇವರಿಬ್ಬರ ಪೋಸ್ಟ್‌ಮ್ಯಾನ್.
ಸಿಡ್ನಿಯಿಂದ ಶೇಂಗಾ ಚಟ್ನಿ ಪುಡಿ. ಅಲ್ಲಿಂದ ಕುಂದಾ.
ನಮ್ಮ ಕಡೆ ಖಾಲಿ ಡಬ್ಬಿ ವಾಪಸ್ ಕೊಡುವ ಪದ್ಧತಿ ಇಲ್ಲವಲ್ಲ... ಇವರು ಡಬ್ಬಿ ತುಂಬಿ, ಮೇಲೊಂದು ಬೈಗುಳವನ್ನೂ ಇಟ್ಟು ಕಳಿಸುತ್ತಿದ್ದರು.
"ಏಳಕ್ಕ ಹೇಳು, ಖಾರ ತಿಂದರ ಖರೇ ಮಾತು ಬರ್ತೈತಂತ."
"ನಾಕಕ್ಕ ಹೇಳು, ಕುಂದಾ ತಿಂದು ಬಾಯಿ ಮುಚ್ಚಂತ."

ಅಜ್ಜಿ...
ನೀವು ಒಂದು ಸಲವೂ ಶಾಂತಜ್ಜಿಯ ಹೆಸರು ಹಿಡಿದು ಕರೆಯಲಿಲ್ಲ.
ಆದರೆ ಹೋದ ತಿಂಗಳು ಅವರಿಗೆ ಕಣ್ಣಿನ ಆಪರೇಷನ್ ಆಯಿತು ಅಂದಾಗ ವ್ಯಾನಿನ ಬಾಗಿಲು ಹಿಡಿದು ನಿಂತುಬಿಟ್ಟಿರಲ್ಲ...
"ಬಸ್ಯಾ, ಅಕಿಗೆ ಕಾಣ್ತೈತೇನೋ? ಚ್ಯಾಷ್ಟಿ ಮಾಡಬ್ಯಾಡ, ಖರೇ ಹೇಳು."
"ಕಾಣ್ತೈತ್ರಿ ಅಜ್ಜಿ."
"ಹಂಗಾರ ಛಲೋ ಆತು. ಕುರುಡಿ ಜೋಡಿ ಏನ್ ಜಗಳ ಆಡೂದು."
ಅಷ್ಟು ಹೇಳಿ ಒಳಗೆ ಹೋದಿರಿ. ಚಟ್ನಿ ಡಬ್ಬಿ ಕೊಡುವುದನ್ನೇ ಮರೆತಿರಿ...

ಫೋನ್ ಬಂದಾಗ ನಾನು ಟಾರ್ನೀಟ್‌ನಲ್ಲೇ ಇದ್ದೆ. ಹತ್ತಿರದ ಅಂಗಡಿಗೆ ಅಕ್ಕಿ ಇಳಿಸುತ್ತಿದ್ದೆ.
ನಾನು ಹೇಳಿದರೆ ಜೋಕ್ ಅಂದುಕೊಂಡಾರು ಅಂತ ಶಾಂತಜ್ಜಿಯ ಮಗನ ಕೈಲೇ ಹೇಳಿಸಿದೆ.
ಶಾಂತಜ್ಜಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಕೇಳಿದರು. ಮತ್ತೆ ಸುಲಿದರು. ತಟ್ಟೆ ಖಾಲಿಯಾಗುವ ತನಕ ಸುಲಿದರು.
"ನಾ ಸಿಡ್ನಿಗೆ ಹೊಂಟೆ."
"ಅವ್ವಾ, ಕಣ್ಣಿಗೆ ಆಗೂದಿಲ್ಲ, ಫ್ಲೈಟ್ ಬ್ಯಾಡ ಅಂದಾರ ಡಾಕ್ಟರ್. ಫ್ಯೂನರಲ್ ಲೈವ್ ಬರ್ತದ. ಟಿವಿಗೆ ಹಾಕಿ ಕೊಡ್ತೀನಿ, ನೋಡೀಯಂತ."
"ಅಕಿ ಎದುರಿಗೆ ನಿಂತು ಆಡೀನಿ ನಾ. ಕಡೀಕ ಟಿವಿ ಒಳಗ ನೋಡಲೇನು? ಡಾಕ್ಟರ್ ಫ್ಲೈಟ್ ಬ್ಯಾಡ ಅಂದಾನ. ಬಸ್ಯಾನ ವ್ಯಾನ್ ಬ್ಯಾಡ ಅಂದಿಲ್ಲ."
ಮಗ ನನ್ನ ಮುಖ ನೋಡಿದರು.
ನಾನು ಪಕ್ಕದ ಸೀಟಿನ ಮೇಲಿದ್ದ ಅಕ್ಕಿ ಚೀಲ ಎತ್ತಿ ಹಿಂದಕ್ಕೆ ಹಾಕಿದೆ.

ಈಗ ಸಿಡ್ನಿ ದಾರಿಯಲ್ಲಿ, ಗಂಡಗೈ ಊರಿನ ಹತ್ತಿರ ವ್ಯಾನ್ ನಿಲ್ಲಿಸಿದ್ದೇನೆ. ಕೈಯಲ್ಲಿ ಟೀ ಇದೆ. ಕುಡಿದೆನೋ ಇಲ್ಲವೋ ಗೊತ್ತಿಲ್ಲ...
ನಿಧಿ ಮೆಸೇಜ್ ಮಾಡಿದ್ದಾಳೆ. "ಅಂಕಲ್, ಸೆವೆನ್ ಬರೋವರೆಗೂ ಅಜ್ಜಿನ ಕಳಿಸಲ್ಲ. ವೀ ವಿಲ್ ವೇಟ್."
ಓದಿ ಹೇಳಿದೆ. ಶಾಂತಜ್ಜಿ ತಲೆ ಆಡಿಸಿದರು, ಅಷ್ಟೇ.

ನನಗೇ ತಡೆಯಲಾಗಲಿಲ್ಲ.
"ಅಜ್ಜಿ, ಈಗರ ಒಪ್ಕೊಳ್ರಿ. ಬಾಲ್ ಒಳಗ ಹೋಗಿತ್ತು ಅಂತ ಅವರ ಕಿವ್ಯಾಗ ಒಂದು ಮಾತು ಹೇಳಿಬಿಡ್ರಿ. ಏನ್ ಹೋಗ್ತೈತಿ ನಿಮ್ಮದು?"
"ಸತ್ತಾಳಂತ ಸುಳ್ಳ ಹೇಳಲೇನು? ಸೀಟಿ ಆದ ಮ್ಯಾಲೆ ಹೋತದು. ಅದನ್ನ ಹೇಳಾಕ ಹೊಂಟೀನಿ ನಾ."
ಕಿಟಕಿ ಕಡೆ ತಿರುಗಿ ಅಂದರು...
"ಒಪ್ಕೊಂಡ್ನೆಂದ್ರ, ಬ್ಯಾರೆ ಯಾರೋ ಬಂದಾರ ಅನ್ಕೋತಾಳೋ ಅಕಿ."

ಹೊರಡುತ್ತೇನೆ ಫ್ರೆಂಡ್ಸ್. ಫೋನ್ ಮಾಡಬೇಡಿ, ಗಾಡಿ ಓಡಿಸುತ್ತಿರುತ್ತೇನೆ.

ಹೋಗಿ ಬರ್ರಿ ಸುಶೀಲಜ್ಜಿ...
ನಿಮ್ಮ ಜೀವ ತಣ್ಣಗಿರಲಿ.