ನಾನು ತಗ್ಗಿಸಿದ ಢೋಲಕ್

ಒಂದು ವಿದ್ಯುತ್ ವಾದ್ಯವನ್ನು ಇನ್ನೊಂದಕ್ಕೆ ಜೋಡಿಸುವ ಮಿಡಿ ತಂತಿಯಲ್ಲಿ ಸಂಗೀತ ಹರಿಯುವುದಿಲ್ಲ. ಯಾವ ಪ್ಯಾಡಿಗೆ ಏಟು ಬಿತ್ತು, ಎಷ್ಟು ಜೋರಾಗಿ ಬಿತ್ತು ಎಂಬ ವರ್ತಮಾನವಷ್ಟೇ ಹೋಗುತ್ತದೆ. ಅದನ್ನು ಕೇಳಿಸಿಕೊಂಡ ಯಂತ್ರ ತನ್ನ ಹೊಟ್ಟೆಯಿಂದ ಸದ್ದು ತೆಗೆಯುತ್ತದೆ. ತೆಗೆಯಬೇಡ ಎಂದು ಮೊದಲೇ ಹೇಳಿಟ್ಟಿದ್ದರೆ ಸುಮ್ಮನಿರುತ್ತದೆ. ನನ್ನ ಗೆಳೆಯನಿಗೆ ನಾನು ಮಾಡಿದ್ದು ಇಷ್ಟರಲ್ಲೇ ಇದೆ.

ಹಾಸನದ ನಮ್ಮ ವಾದ್ಯಗೋಷ್ಠಿ ದೊಡ್ಡದೇನಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಛತ್ರಗಳಲ್ಲಿ ಮದುವೆಯ ಆರತಕ್ಷತೆಗೆ ಸಿನಿಮಾ ಹಾಡು ನುಡಿಸುತ್ತೇವೆ. ಹಾಡುವವರೇ ತಂಡದ ಯಜಮಾನರು. ನನ್ನದು ಕೀಬೋರ್ಡು. ಬಾಗೂರಿನ ನನ್ನ ಗೆಳೆಯನದು ರಿದಮ್ ಪ್ಯಾಡು. ಹರೆಯದಲ್ಲಿ ಅವನು ಢೋಲಕ್ ಬಾರಿಸುತ್ತಿದ್ದ. ಪ್ಯಾಡು ಬಂದ ಮೇಲೆ ಕೋಲು ಹಿಡಿದು ಅದರಲ್ಲೇ ಢೋಲಕ್ಕಿನ ನಾದ ಹೊರಡಿಸುವುದನ್ನು ಕಲಿತ. ಈಗ ಇಬ್ಬರೂ ಮುದುಕರು.

ಹೋದ ವರ್ಷ ಅವನ ಬಲಗೈ ಅದುರತೊಡಗಿತು. ಏಟು ತಡವಾಗಿ ಬೀಳುತ್ತಿತ್ತು. ರಾಮನಾಥಪುರದ ಮದುವೆಯೊಂದರಲ್ಲಿ ತಾಳ ಎಷ್ಟು ಹಿಂದೆ ಬಿತ್ತೆಂದರೆ, ಯಜಮಾನರು ಹಾಡನ್ನು ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದ್ಸಲ ಇಂಗಾದ್ರೆ ಬೇರೆಯವ್ರನ್ನ ನೋಡ್ಕೋತೀನಿ. ನೀವೇ ಅವ್ರಿಗೆ ಏಳ್ಬುಡಿ" ಎಂದರು.

ನಾನು ಹೇಳಲಿಲ್ಲ. ಅವನ ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ. ಬದಲಿಗೆ, ಯಾವ ವಾದ್ಯದ ಸದ್ದನ್ನಾದರೂ ತಾನೇ ಹೊರಡಿಸುವ, ತೊಡೆಯ ಮೇಲೆ ಕೂರುವಷ್ಟು ಚಿಕ್ಕದೊಂದು ಸಿಂಥಸೈಜರ್ ತಂದೆ. ಪ್ಯಾಡಿನ ಔಟ್ ಕಿಂಡಿಯಿಂದ ಮಿಡಿ ತಂತಿ ಎಳೆದು ಇದರ ಇನ್ ಕಿಂಡಿಗೆ ಸಿಕ್ಕಿಸಿದೆ.

"ಏನ್ಲಾ ಇದು, ಮಕ್ಳು ಆಡೋ ಸಾಮಾನಿದ್ದಂಗೈತೆ" ಎಂದ ಗೆಳೆಯ.

"ನಿನ್ ಪ್ಯಾಡಿನ ಸದ್ದು ಅಳೇದಾಯ್ತು ಕಣ. ಇನ್ಮ್ಯಾಲೆ ನೀನು ಒಡೆದ್ರೆ ಇದ್ರಲ್ಲಿ ಢೋಲಕ್ ಕೇಳ್ತದೆ. ಜೊತೆಗೆ ತಾಳಕ್ಕೆ ಸಣ್ಣಗೆ ಗೆಜ್ಜೆ ಓಡ್ತಿರ್ತದೆ, ಅದನ್ನ ಇಡ್ಕೊಂಡು ಬಾರ್ಸು."

"ನೋಡ್ಕಳಪ್ಪ, ನಾಳೆ ನಿನ್ನೂ ಮನೇಲಿ ಕೂರ್ಸಿ ಇದನ್ನೇ ವ್ಯಾನ್ ಅತ್ತಿಸ್ಕೊಂಡು ಓದಾರು" ಎಂದು ನಕ್ಕ.

ನಾನು ಹೇಳಿದ್ದು ಮೊದಲ ಕಾರ್ಯಕ್ರಮದ ಮಟ್ಟಿಗೆ ನಿಜವಾಗಿತ್ತು. ಆಮೇಲೆ ಮನೆಯಲ್ಲಿ ಕೂತು ಒಂದೊಂದು ಹಾಡಿನ ಢೋಲಕ್ಕನ್ನೂ ನಾನೇ ಆ ಯಂತ್ರಕ್ಕೆ ತುಂಬಿದೆ. ಪ್ರತಿ ಮದುವೆಯಲ್ಲೂ ಅದನ್ನು ಕೊಂಚ ಏರಿಸುವುದು, ಅವನ ಪ್ಯಾಡಿನ ಪಾಲನ್ನು ಕೊಂಚ ಇಳಿಸುವುದು. ವೇದಿಕೆಯ ಸ್ಪೀಕರ್ ಗದ್ದಲದಲ್ಲಿ ಅವನಿಗೆ ವ್ಯತ್ಯಾಸ ತಿಳಿಯಲಿಲ್ಲ. ಕೊನೆಗೆ ತಾಳದ ತಟ್ಟೆಯ, ಅಂದರೆ ಸಿಂಬಲ್ಲಿನ, ಝಣತ್ಕಾರವೊಂದನ್ನು ಬಿಟ್ಟು ಅವನದೆಂಬ ಸದ್ದೇ ಉಳಿಯಲಿಲ್ಲ. ಅವನೋ, "ಕೈ ಮತ್ತೆ ಕುದುರ್ತು ಕಣ್ಲಾ, ಡಾಕ್ಟ್ರು ಕೊಟ್ ಮಾತ್ರೆ ಇಡಿದದೆ" ಎನ್ನುತ್ತಿದ್ದ. ನಾನು ಹೌದೆನ್ನುತ್ತಿದ್ದೆ.

ಅವನ ಜಾಗ ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಎಂದೂ ತಪ್ಪದ ಆ ತಾಳದ ಮೇಲೆ ನುಡಿಸುವುದು ನನಗೆ ಹಿತವಾಗಿತ್ತು. ಯಾರಿಗೂ ಕಾಯಬೇಕಾಗಿರಲಿಲ್ಲ.

ಚನ್ನರಾಯಪಟ್ಟಣದ ಆರತಕ್ಷತೆಯಲ್ಲಿ ಅದು ಬಯಲಾಯಿತು. ನಮ್ಮ ಕಡೆ ಕಲಾವಿದರಿಗೆ ಶಾಲು ಹೊದಿಸುವವರು ಹಾಡು ಮುಗಿಯುವವರೆಗೆ ಕಾಯುವುದಿಲ್ಲ. ಹುಡುಗಿಯ ಸೋದರಮಾವ ಹಾಡಿನ ನಡುವೆಯೇ ವೇದಿಕೆ ಹತ್ತಿ ನನ್ನ ಗೆಳೆಯನಿಗೆ ಶಾಲು ಹೊದಿಸಿದರು, ಹಾರ ಹಾಕಿದರು. ಆಮೇಲೆ ಕೋಲುಗಳ ಸಮೇತ ಅವನ ಎರಡೂ ಕೈ ಹಿಡಿದುಕೊಂಡು, "ಈ ವಯಸ್ಸಲ್ಲೂ ಏನ್ ಕೈ ಸಾ ನಿಮ್ದು" ಎಂದು ಕುಲುಕತೊಡಗಿದರು.

ಢೋಲಕ್ ಮಾತ್ರ ಬಿಡದೆ ಬಾರಿಸುತ್ತಲೇ ಇತ್ತು.

ನನ್ನ ಬೆರಳು ನಿಲ್ಲಿಸುವ ಗುಂಡಿಯವರೆಗೆ ಹೋಗಿ ಹಿಂದಕ್ಕೆ ಬಂತು. ಗೆಳೆಯ ಮೊದಲು ತನ್ನ ಕೈ ನೋಡಿದ, ಆಮೇಲೆ ಆ ಚಿಕ್ಕ ಯಂತ್ರವನ್ನು ನೋಡಿದ. ಕೈ ಬಿಡಿಸಿಕೊಂಡ ಮೇಲೆ ಢೋಲಕ್ಕಿನ ಪ್ಯಾಡಿಗೆ ಬೇಕೆಂದೇ ತಾಳ ತಪ್ಪಿಸಿ ಒಂದು ಏಟು ಹಾಕಿದ. ಏನೂ ಕೇಳಲಿಲ್ಲ. ಆಮೇಲೆ, ಜನ ನೋಡುತ್ತಿದ್ದರಲ್ಲ, ಹಾಡು ಮುಗಿಯುವವರೆಗೂ ಬಾರಿಸುವವನಂತೆ ಕೈ ಆಡಿಸಿದ.

ವೈರು ಸುತ್ತುವಾಗ ಕೇಳಿದ: "ಕೈ ಓಯ್ತು ಅಂತ ಬಾಯ್ಬುಟ್ಟು ಏಳಿದ್ರೆ ನಿನ್ನ ಒಡೀತಿದ್ನೇನ್ಲಾ?"

"ನಿನ್ ಜಾಗ ಉಳೀಲಿ ಅಂತ ಮಾಡ್ದೆ."

"ಊರೋರ ಮುಂದೆ ಬೊಂಬೆ ಕುಣಿಸ್ದಂಗೆ ಕುಣಿಸ್ದಲ್ಲೋ. ನಾನು ಮಾತ್ರೆ ಇಡೀತು ಅಂದಾಗ ನಿಂಗೆ ನಗು ಬತ್ತಿತ್ತಾ?"

ನಗು ಬರುತ್ತಿರಲಿಲ್ಲ ಎಂದು ಹೇಳಬಹುದಿತ್ತು. ನಾನು ವೈರು ಸುತ್ತುತ್ತಲೇ ಹೋದೆ.

ಮುಂದಿನ ಕಾರ್ಯಕ್ರಮಕ್ಕೆ ಅವನು ಬರಲಿಲ್ಲ, ಫೋನೂ ಎತ್ತಲಿಲ್ಲ. ಕ್ಷಮೆ ಕೇಳಲೆಂದು ಬಸ್ಸು ಹತ್ತಿ ಬಾಗೂರಿಗೆ ಹೋದೆ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಬಾಗಿಲಲ್ಲಿ ಅವನ ಹೆಂಡತಿ ಸಿಕ್ಕಳು.

"ಬನ್ನಿ ಅಣ್ಣ, ಬೆನ್ ನೋವು ಅಂತ ಮಲಗವ್ರೆ. ಶಾಲು ಒದ್ಸಿದ್ರಂತಲ್ಲ. ಆ ಮದ್ವೆಗೆ ಓಗಿದ್ದೋರು ನಮ್ ಬೀದೀಲೆಲ್ಲ ಅದನ್ನೇ ಏಳ್ಕೊಂಡು ತಿರುಗ್ತಾವ್ರೆ. ಕೈ ಅದುರ್ತದೆ ಅಂತ ಎಷ್ಟು ಕೊರಗಿದ್ರು ಗೊತ್ತಾ. ಈಗ ನೋಡಿ."

ಅವಳಿಗೆ ಅವನು ಏನೂ ಹೇಳಿರಲಿಲ್ಲ. ಮಂಚದ ಮೇಲಿದ್ದವನು ನನ್ನನ್ನೇ ದಿಟ್ಟಿಸಿ, ಅವಳ ಮುಂದೆ ಬೇಡ ಎಂಬಂತೆ ತಲೆಯಾಡಿಸಿದ.

"ಅವ್ನಿಲ್ದೆ ನಮ್ಗೆ ಬಾಳ ಕಷ್ಟ ಆಗೈತೆ ಕಣವ್ವ" ಎಂದೆ.

ಅವಳು ಹೆಮ್ಮೆಯಿಂದ ಗಂಡನ ಕಡೆ ನೋಡಿ, ಲೋಟ ತಂದು ನನ್ನ ಮುಂದಿಟ್ಟಳು. ಅವನು ಗೋಡೆಯ ಕಡೆ ತಿರುಗಿ ಮಲಗುತ್ತಾ, "ಕಾಪಿ ಆರೋಯ್ತದೆ, ಕುಡಿ" ಎಂದ.